ಬಣ್ಣ ಬೆರೆಸುವ ಮುನ್ನ



ಮುರಿದ ವಸ್ತುಗಳನ್ನು ಅಂಟಿಸಲು ಬಳಸುವ ಅರಾಲ್ಡೈಟ್ ನಿಮಗೆಲ್ಲ ಪರಿಚಿತ. ಒಂದು ಟ್ಯೂಬಿನಲ್ಲಿ ರಾಳ, ಇನ್ನೊಂದರಲ್ಲಿ ಅದನ್ನು ಗಟ್ಟಿಗೊಳಿಸುವ ದ್ರವ. ಇದು ಎಪಾಕ್ಸಿ. ಇದರದೇ ತಿಳಿಯಾದ, ಸುರಿಯಲು ಬರುವ ಬಗೆಗೆ ಬಣ್ಣ ಬೆರೆಸಿ, ಅಚ್ಚಿಗೆ ಹೊಯ್ದು, ನಾಮಫಲಕಗಳನ್ನೂ ಮದುವೆಯ ಹಾರವಿರಿಸಿದ ಚೌಕಟ್ಟುಗಳನ್ನೂ ಮಾಡುವ ಕೈಕಸಬನ್ನು ಇಂದು ಅನೇಕ ಹೆಣ್ಣುಮಕ್ಕಳು ಮನೆಯಲ್ಲೇ ಕುಳಿತು ನಡೆಸುತ್ತಿದ್ದಾರೆ.

ರಾಳಕ್ಕೆ ಬಣ್ಣ ಕಟ್ಟುವುದು ನಮ್ಮ ನಾಡಿಗೆ ಹೊಸತಲ್ಲ. ಚನ್ನಪಟ್ಟಣದ ಕುಶಲಕರ್ಮಿಗಳು ಬಣ್ಣ ಕಲಸಿದ ಅರಗಿನ ಕಡ್ಡಿಯನ್ನು ತಿರುಗುವ ಹಾಲೆಮರದ ತುಂಡಿಗೆ ಒತ್ತುತ್ತಾರೆ. ಉಜ್ಜುವ ಬಿಸಿಗೆ ಅರಗು ಕರಗಿ ಮರವನ್ನು ಆವರಿಸುತ್ತದೆ. ಆದರೆ ಅರಗನ್ನು ಮತ್ತೆ ಕರಗಿಸಬಹುದು. ಒಮ್ಮೆ ಗಟ್ಟಿಯಾದ ಎಪಾಕ್ಸಿ ಮತ್ತೆ ಕರಗದು. ಆದ್ದರಿಂದ ಇಲ್ಲಿ ಎಲ್ಲವನ್ನೂ ಸುರಿಯುವ ಮೊದಲೇ ಯೋಚಿಸಬೇಕು.

ಹಾನಗಲ್ ಕಡೆಯ ತಾಯಿಯೊಬ್ಬರು ಪತಿಯ ಅಂತ್ಯಸಂಸ್ಕಾರದ ಸೇವಂತಿಗೆಗಳನ್ನು ಕಾಗದದಲ್ಲಿ ಕಟ್ಟಿಕೊಂಡು ಈ ಕೆಲಸ ಬಲ್ಲ ತರುಣಿಯ ಬಳಿಗೆ ಬಂದಾಗ ನಾನೂ ಅಲ್ಲಿದ್ದೆ. “ಇವತ್ತ ಮಾಡಿಕೊಡವ್ವಾ, ಬಾಡಿ ಹೋಗ್ತಾವ” ಎಂದರು. “ಹಸಿ ಹೂ ಹಾಕಿದ್ರ ಒಳಗ ಕರ್ರಗ ಆಗ್ತಾವ್ರಿ ಕಾಕೂ. ಪೂರ್ತಿ ಒಣಗಲಿ” ಎಂದಳು ಹುಡುಗಿ. ತಾಯಿಯ ಮುಖ ಬಾಡಿತು. ಆದರೂ ಹೂಗಳನ್ನು ಬಿಟ್ಟುಹೋದರು.

ಕೆಲವು ವಾರಗಳ ಬಳಿಕ ಅವರು ಬಂದಾಗ ಕೈಯಲ್ಲಿ ಒಂದು ಪೊಟ್ಟಣವಿತ್ತು. ಪತಿ ಕೊನೆಯದಾಗಿ ಬೆಳೆದ ಬ್ಯಾಡಗಿ ಮೆಣಸಿನಕಾಯಿಯ ಪುಡಿ. ಅದರ ಕೆಂಪೇ ಬೇಕೆಂದರು. ಹುಡುಗಿ ಇದ್ದದ್ದನ್ನು ಇದ್ದಂತೆ ಹೇಳಿದಳು: ನೀರಿನ ಬಣ್ಣ ಎಪಾಕ್ಸಿಯನ್ನು ಕೆಡಿಸುತ್ತದೆ; ಒಣ ಪುಡಿಯನ್ನು ಬೆರೆಸಬಹುದು, ಆದರೆ ಅದು ಕರಗದೆ ತಳಕ್ಕಿಳಿಯುತ್ತದೆ; ಸಸ್ಯದ ಬಣ್ಣ ಬೆಳಕಿಗೆ ಮಾಸುತ್ತದೆ; ಎಪಾಕ್ಸಿ ಕೂಡ ವರ್ಷಗಳು ಕಳೆದಂತೆ ಹಳದಿಗಟ್ಟುತ್ತದೆ. ಬಾಳಿಕೆಗಾದರೆ ಅಭ್ರಕದ ಪುಡಿಯೋ ಎಪಾಕ್ಸಿಗೆಂದೇ ತಯಾರಿಸಿದ ಬಣ್ಣವೋ ಮೇಲು. ಅದನ್ನೂ ಅತಿಯಾಗಿ ಹಾಕಿದರೆ ರಾಳ ಸರಿಯಾಗಿ ಗಟ್ಟಿಯಾಗದು. ಒಟ್ಟು ತೂಕದ ಶೇ. 5ರೊಳಗಿದ್ದರೆ ಸಾಕು.

ಬಳಿಕ ಕೈಗವಸು ತೊಟ್ಟು, ಕಿಟಕಿ ತೆರೆದು, ಎರಡು ದ್ರವಗಳನ್ನು ಡಬ್ಬಿಯ ಮೇಲಿನ ಅಳತೆಯಂತೆ ತೂಗಿ, ಗುಳ್ಳೆ ಏಳದಂತೆ ನಿಧಾನವಾಗಿ ಕಲಕಿ, ಮೊದಲು ಚಿಕ್ಕ ಬಟ್ಟಲಲ್ಲಿ ಪರೀಕ್ಷಿಸಿದಳು. ಮರುದಿನ ನೋಡಿದರೆ ಪುಡಿಯೆಲ್ಲ ತಳದಲ್ಲಿ ನಿಂತಿತ್ತು. ತಾಯಿ ಬಹಳ ಹೊತ್ತು ನೋಡಿ, “ನಮ್ಮ ಹೊಲದ ಮಣ್ಣಿನ್ಹಂಗ ಕಾಣಸ್ತದ. ಹಿಂಗ ಇರಲಿ” ಎಂದರು. ಮೇಲಿನ ಭಾಗಕ್ಕೆ ಬಣ್ಣವೇ ಬೇಡವಾಯಿತು.

ಪ್ರಿಯರೇ, ಅಗಲಿದವರ ನೆನಪನ್ನು ಹಿಡಿದಿಡಲು ಹೊರಟವರಿಗೆ ಅವಸರವಿರುತ್ತದೆ. ಆ ಅವಸರಕ್ಕೆ ಬೆಲೆ ಕಟ್ಟಿ ಮಾರುವುದು ಸುಲಭ. ಹಣ ಪಡೆಯುವ ಮೊದಲೇ “ಇದು ಮಾಸುತ್ತದೆ” ಎಂದು ಹೇಳಲು ಧೈರ್ಯ ಬೇಕು. ನಿಮ್ಮ ಮಕ್ಕಳು ಇಂಥ ಕಸಬು ಹಿಡಿದಿದ್ದರೆ ಅಳತೆ, ಬಣ್ಣಗಳ ಜೊತೆಗೆ ಈ ಪ್ರಾಮಾಣಿಕತೆಯನ್ನೂ ಕಲಿಸಿರಿ. ದುಃಖದಲ್ಲಿರುವವರೊಡನೆ ನಿಜವನ್ನಾಡಿ, ಅವರಿಗಾಗಿ ಕಾದು ಕೆಲಸ ಮಾಡುವುದೂ ಒಂದು ಸೇವೆಯೇ.