ಕಣಿವೆ ದಾಟದ ಹಕ್ಕಿ

ಮೇ ತಿಂಗಳು ಬಂದಿತೆಂದರೆ ಬೆಂಗಳೂರು ಮೈಸೂರುಗಳ ಸಂಸಾರಗಳು ಉಣ್ಣೆಯ ಬಟ್ಟೆ ಕಟ್ಟಿಕೊಂಡು ಉದಕಮಂಡಲದ ಹಾದಿ ಹಿಡಿಯುವುದು ವಾಡಿಕೆ. ಸಸ್ಯೋದ್ಯಾನವನ್ನು ಕಂಡು, ಸರೋವರದಲ್ಲಿ ದೋಣಿಯೇರಿ, 2,637 ಮೀಟರು ಎತ್ತರದ ದೊಡ್ಡಬೆಟ್ಟದ ನೆತ್ತಿಯಲ್ಲಿ ಛಾಯಾಚಿತ್ರ ತೆಗೆಸಿಕೊಂಡರೆ ಪ್ರವಾಸ ಸಾರ್ಥಕ. ಅದೇ ಬೆಟ್ಟಗಳ ಶೋಲಾ ಕಾಡಿನ ಮಬ್ಬಿನಲ್ಲಿ, ಅದೇ ದಿನಗಳಲ್ಲಿ, ಗುಬ್ಬಚ್ಚಿಯಷ್ಟೇ ಗಾತ್ರದ ಹಕ್ಕಿಯೊಂದು ಮರಿಗಳ ಆರೈಕೆಯಲ್ಲಿ ತೊಡಗಿರುತ್ತದೆ. ಅದನ್ನು ಕಂಡು ಬಂದವರು ಮಾತ್ರ ವಿರಳ.

ಅದರ ಹೆಸರು ನೀಲಗಿರಿ ಶೋಲಾಕಿಳಿ. ಕಿಳಿಯೆಂದೊಡನೆ ಕನ್ನಡಿಗರ ಮನಸ್ಸು ಹಸಿರು ಗಿಳಿಯತ್ತ ಹಾರಿದರೆ ಆಶ್ಚರ್ಯವಿಲ್ಲ. ಆದರೆ ಮಲೆಯಾಳದಲ್ಲಿ ಕಿಳಿಯೆಂದರೆ ಹಕ್ಕಿ ಎಂದಷ್ಟೇ ಅರ್ಥ. 2017ರಲ್ಲಿ ವಿಜ್ಞಾನಿಗಳು ಇದನ್ನೂ ಇದರ ಬಂಧುಗಳನ್ನೂ ಪಶ್ಚಿಮ ಘಟ್ಟಗಳಿಗೇ ಮೀಸಲಾದ ಹೊಸ ಕುಲವೊಂದರಲ್ಲಿ ಸೇರಿಸಿ, 'ಶೋಲಿಕೋಲ' ಎಂದು ಕರೆದರು. ಶೋಲೆಯ ನಿವಾಸಿ ಎಂಬುದು ಅದರ ಭಾವ.

ಬೆನ್ನು, ಎದೆಗಳಿಗೆ ಮಳೆಮೋಡದ ನೀಲಿ. ಕಣ್ಣಿನ ಮುಂದೆ ಕಾಡಿಗೆಯ ಕಪ್ಪು. ಹೊಟ್ಟೆಯ ಇಕ್ಕೆಲಗಳಲ್ಲಿ ಕಾವಿಯ ಛಾಯೆ. ಗಿಡ್ಡ ಬಾಲ, ನೀಳವಾದ ಕಾಲು. ತರಗೆಲೆಗಳ ನಡುವೆ ಕುಪ್ಪಳಿಸುತ್ತ ಹುಳುಹುಪ್ಪಟೆಗಳನ್ನು ಹೆಕ್ಕುವುದು ಇದರ ಬಾಳು. ಏಪ್ರಿಲಿನಿಂದ ಜೂನಿನವರೆಗೆ ಮರದ ಪೊಟರೆಯಲ್ಲೋ ತೊರೆಯ ದಂಡೆಯ ಬಿಲದಲ್ಲೋ ಹಾವಸೆಯನ್ನೂ ನವಿರಾದ ಬೇರುಗಳನ್ನೂ ಹಾಸಿ, ಸಾಮಾನ್ಯವಾಗಿ ಎರಡೇ ಮೊಟ್ಟೆಗಳನ್ನಿಡುತ್ತದೆ.

ರೆಕ್ಕೆಯಿದ್ದರೂ ಇದು ಪಯಣಿಗನಲ್ಲ. ಬೆಟ್ಟದ ಮಡಿಲಿನ ತಂಪು ಕಾಡೇ ಇದರ ಪ್ರಪಂಚ; ಕೆಳಗಿನ ಬಿಸಿಲ ಬಯಲು ಇದಕ್ಕೆ ಕಡಲಿನಂತೆ. ಪಾಲಕ್ಕಾಡಿನ ಕಣಿವೆಯಾಚೆ, ಪಳನಿಯ ಬೆಟ್ಟಗಳಲ್ಲಿ, ಬಿಳಿಹೊಟ್ಟೆಯ ದಾಯಾದಿಯೊಂದುಂಟು. ಆದರೆ ಅತ್ತಣದು ಇತ್ತ ಬಾರದು, ಇತ್ತಣದು ಅತ್ತ ಹೋಗದು. ನಮ್ಮ ಬಾಬಾಬುಡನ್ ಗಿರಿಯ ಶೋಲೆಗಳಲ್ಲಿಯೂ ನೀಲಗಿರಿಯ ಈ ಹಕ್ಕಿಯ ಬಳಗವೇ ಇದೆ.

ಹತ್ತೊಂಬತ್ತನೆಯ ಶತಮಾನದಿಂದೀಚೆಗೆ ನೀಲಗಿರಿಯಲ್ಲಿ ಚಹಾ ಬೆಳೆಯಿತು. ನೀಲಗಿರಿ ಮರವೆಂದೇ ನಾವು ಕರೆಯುವ ಆಸ್ಟ್ರೇಲಿಯದ ಮರ ಬಂದಿತು. ಅದೇ ನಾಡಿನ ವಾಟಲ್ ಗಿಡವೂ ಹಬ್ಬಿತು. ಪ್ರವಾಸಿಯ ಕಣ್ಣಿಗೆ ಅದೆಲ್ಲವೂ ಹಸಿರೇ. ಆದರೆ ಹಾವಸೆ ಹೊದ್ದ ಹಳೆಯ ಮರವಿಲ್ಲದೆ, ಕೊಳೆತ ಎಲೆಯ ಹಾಸಿಲ್ಲದೆ, ಆ ಹಸಿರು ಶೋಲಾಕಿಳಿಗೆ ಮನೆಯಾಗಲಾರದು. ಇಂದು ಅದು ಅಳಿವಿನಂಚಿನ ಪಕ್ಷಿಗಳ ಪಟ್ಟಿಯಲ್ಲಿದೆ.

ಮುಂದಿನ ಬೇಸಗೆಯಲ್ಲಿ ಬೆಟ್ಟ ಹತ್ತುವವರು ಶೋಲೆಯ ಅಂಚಿನಲ್ಲಿ ಮಾತು ನಿಲ್ಲಿಸಿ ಐದು ನಿಮಿಷ ನಿಂತರೆ ಸಾಕು. ಒಳಗಿನ ಕತ್ತಲೆಯಿಂದ ಸಿಳ್ಳಿನಂಥ ದನಿಯೊಂದು ಕೇಳಿಬಂದೀತು. ಹಕ್ಕಿ ಕಾಣದಿದ್ದರೂ ಚಿಂತೆಯಿಲ್ಲ; ಮನೆಯಲ್ಲಿ ಜನರಿದ್ದಾರೆ ಎಂಬುದು ತಿಳಿದಂತಾಯಿತು.