ಅವ್ವನ ಕೇಸರಿ

ಎರಡನೇ ಮಗುವಿನ ಬಾಣಂತನಕ್ಕೆಂದು ಅವ್ವ ಗದಗಿನಿಂದ ಡೆಸ್ ಪ್ಲೇನ್ಸಿಗೆ ಬಂದಾಗ ಕೈಚೀಲದ ತಳದಲ್ಲಿ, ಸೀರೆಯಲ್ಲಿ ಸುತ್ತಿದ ಪುಟ್ಟ ಡಬ್ಬಿಯಿತ್ತು. ಪಿಂಚಣಿ ದುಡ್ಡಿನ ಕೇಸರಿ. ಅದರ ಮುಚ್ಚಳ ಅವಳೇ ತೆಗೆದಿರಲಿಲ್ಲ. “ದಿನಾ ಹಾಲಿನಾಗ ಹಾಕ್ಕೊಂಡು ಕುಡಿಯವ್ವಾ, ಕೂಸು ಕೆಂಪಗ ಹುಟ್ತದ” ಎಂದು ಸೊಸೆಯ ಕೈಗಿಟ್ಟಳು.

ನನ್ನ ಹೆಂಡತಿ ಕಪ್ಪು. “ನನ್ನ ಬಣ್ಣನ ಬಂದ್ರ ಏನಾಗ್ತದ್ರಿ ಅತ್ತಿ?” ಎಂದಳು. ಎರಡು ದಿನ ಅಡುಗೆಮನೆಯಲ್ಲಿ ಪಾತ್ರೆಗಳದ್ದೇ ಮಾತು.

ನಾನು ಲೆಕ್ಕಿಗ, ಜಗಳ ಬಂದರೆ ವೋಚರ್ ಹುಡುಕುವವನು. ಓದುತ್ತ ಕೂತೆ. ಕೇಸರಿ ಐರಿಸ್ ಕುಟುಂಬದ ಗಿಡ. ಇಲ್ಲಿನ ಜೌಗಿನಲ್ಲಿ ಅರಳುವ ನೀಲಿ ಹೂ ಬ್ಲೂ ಫ್ಲಾಗ್ ಅದರ ದಾಯಾದಿ. (ಅದರ ಗೆಡ್ಡೆಯನ್ನು 19ನೇ ಶತಮಾನದ ಅಮೆರಿಕನ್ ವೈದ್ಯರು ಭೇದಿಗೆ ಕೊಡುತ್ತಿದ್ದರು. ದಾಯಾದಿಗಳು ಎಲ್ಲೆಡೆ ಹಾಗೇ.) ಕೇಸರಿಯ ಒಂದು ಹೂವಿಗೆ ಮೂರೇ ಎಳೆ, ಒಂದು ಗ್ರಾಮಿಗೆ ಸುಮಾರು 150 ಹೂ. ಬಣ್ಣ ಕ್ರೋಸಿನ್‌ನದು, ಕಹಿ ಪಿಕ್ರೋಕ್ರೋಸಿನ್‌ನದು. ಒಣಗಿಸುವಾಗ ಆ ಕಹಿಯೇ ಒಡೆದು ಸ್ಯಾಫ್ರನಾಲ್ ಎಂಬ ಪರಿಮಳವಾಗುತ್ತದೆ. ಸೌಮ್ಯ ಖಿನ್ನತೆಗೆ ಕೇಸರಿ ಕೊಟ್ಟು ಟೆಹರಾನಿನಲ್ಲಿ ನಡೆಸಿದ ಸಣ್ಣ ಪ್ರಯೋಗಗಳು ಆಸೆ ಹುಟ್ಟಿಸಿವೆ. ಗರ್ಭಿಣಿಗೆ ಮಾತ್ರ ಅಡುಗೆಯ ನಾಲ್ಕೆಳೆ ಸಾಕು, ಔಷಧದ ಪ್ರಮಾಣ ಬೇಡ. ಕ್ರೋಸಿನ್ ಹಾಲಿಗೆ ಬಣ್ಣ ಕೊಡುತ್ತದೆ, ಕೂಸಿಗಲ್ಲ. ಚರ್ಮದ ಮೆಲನಿನ್ ಅಪ್ಪ–ಅಮ್ಮನ ವಂಶದ ಖಾತೆ.

ಇಷ್ಟನ್ನು ಅವ್ವನಿಗೆ ಹೇಳಲು ಧೈರ್ಯ ಸಾಲದೆ, ಡಬ್ಬಿ ತೆರೆದು ನಾಲ್ಕೆಳೆ ಬಿಸಿನೀರಿಗೆ ಹಾಕಿದೆ. ನಿಜವಾದ ಕೇಸರಿ ನಿಧಾನವಾಗಿ ಹೊಂಬಣ್ಣ ಬಿಡುತ್ತದೆ, ಎಳೆ ಕೆಂಪಾಗೇ ಉಳಿಯುತ್ತದೆ. ಇದು ತಕ್ಷಣ ನೀರನ್ನು ಹಳದಿ ಮಾಡಿ ತಾನು ಬಿಳಿಚಿಕೊಂಡಿತು. ವಾಸನೆಯಿಲ್ಲ. ಒಂದು ತುದಿ ಕಹಳೆಯಂತೆ ಅರಳಿರಬೇಕಿತ್ತು. ಇಲ್ಲಿ ಸೀಳಿದ ಸಣ್ಣ ದಳಗಳು. ಅವ್ವ ಕನ್ನಡಕ ಏರಿಸಿ ಬಗ್ಗಿ ನೋಡಿದಳು.

“ಇದು ಕುಸುಬಿ ಹೂವಲ್ಲೋ! ಮುಳ್ಳು ಚುಚ್ಚಿಸ್ಕೊಂಡು ಎಷ್ಟು ವರ್ಷ ಕುಸುಬಿ ಕಿತ್ತೀನಿ!”

ನಗುತ್ತಾಳೆಂದುಕೊಂಡೆ. ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಂಗಡಿಯವನನ್ನು ಬೈಯಲಿಲ್ಲ.

ಸಂಜೆ ಹೆಂಡತಿಯೇ ಹೇಳಿ ಒಂದು ಗ್ರಾಮ್ ಅಸಲಿ ಕೇಸರಿ ತರಿಸಿದಳು. ಹಾಲು ಕಾಯಿಸಿ ಲೋಟ ಮುಂದಿಟ್ಟುಕೊಂಡು, “ಬಣ್ಣಕ್ಕಲ್ರಿ ಅತ್ತಿ, ರುಚಿಗೆ” ಎಂದಳು.

ಅವ್ವ ಆ ಲೋಟವನ್ನೇ ನೋಡುತ್ತ ಕೂತಿದ್ದಳು. ಆಮೇಲೆ ಮೆಲ್ಲಗೆ, “ನಾಕು ಹಡದೀನಿ, ಇದರ ರುಚಿ ಹೆಂಗಿರ್ತದಂತ ಕಂಡಿಲ್ಲ. ನಂಗೂ ಒಂದು ಗುಟುಕು ಕೊಡ” ಎಂದಳು.

ಹೆಂಡತಿ ಇನ್ನೊಂದು ಲೋಟ ತೆಗೆದು ಅದಕ್ಕೆ ಐದೆಳೆ ಹಾಕಿದಳು.