ದಾರಿ ಇತ್ತಾ ಕೇಣಿ

ಬೆಂಗಳೂರಿನಲ್ಲಿ ಕುಂದಾಪುರ ಕಡೆಯ ನಾಲ್ಕು ಜನ ಒಂದು ಮದುವೆಮನೆಯಲ್ಲಿ ಸೇರಿದರೆ ಮೊದಲು ಮೀನಿನ ಮಾತು, ಆಮೇಲೆ ಯಕ್ಷಗಾನ ಆಟದ ಮಾತು, ಎಲೆ ಎತ್ತುವ ಹೊತ್ತಿಗೆ ಜಾಗದ ಮಾತು. ಊರಲ್ಲಿ ಜಾಗ ಇರುವವರು ಮಾರುವ ಮಾತಾಡುತ್ತಾರೆ, ಇಲ್ಲದವರು ಕೊಳ್ಳುವ ಮಾತಾಡುತ್ತಾರೆ. ಇಬ್ಬರೂ ಒಂದೇ ಪಂಕ್ತಿಯಲ್ಲಿ ಕೂತಿದ್ದರೂ ವ್ಯಾಪಾರ ಕುದುರಿದ್ದನ್ನು ನಾನು ಕಂಡಿಲ್ಲ.

ನಾನು ತಿಪಟೂರು ಕಡೆಯವನು; ಕುಂದಾಪುರ ಕಡೆಯ ಅಮಾಸೆಬೈಲು ಹೆಂಡತಿಯ ತವರು. 2020ರಲ್ಲಿ ಒಂದು ಕಡೆ ಲಾಕ್‌ಡೌನು, ಇನ್ನೊಂದು ಕಡೆ ಸರ್ಕಾರ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ಕಿತ್ತುಹಾಕಿ, ಕೃಷಿಕನಲ್ಲದವನೂ ಹೊಲಗದ್ದೆ ಕೊಳ್ಳಬಹುದೆಂದು ಬಾಗಿಲು ತೆರೆಯಿತು. ಎರಡು ಕೋಣೆಯ ಫ್ಲ್ಯಾಟಿನಲ್ಲಿ ಮಗುವನ್ನು ಕಟ್ಟಿಕೊಂಡು ಕೂತಿದ್ದ ನಮ್ಮಂಥವರಿಗೆ ಅಷ್ಟು ಸಾಕಾಯಿತು. ಒಂದು ಬಾವಿ, ನಾಲ್ಕು ತೆಂಗು, ಒಂದು ದನ, ಹಂಚಿನ ಮನೆ. ಮಾತೆತ್ತಿದರೆ ‘ಮರಳಿ ಮಣ್ಣಿಗೆ’ ಅನ್ನತೊಡಗಿದೆವು. ಕಾರಂತರ ಆ ಕಾದಂಬರಿಯನ್ನು ಓದಿದವರು ಹೀಗೆ ಸುಲಭಕ್ಕೆ ಅದರ ಹೆಸರೆತ್ತುವುದಿಲ್ಲ. ಅದರಲ್ಲಿ ಮರಳುವುದಕ್ಕೆ ಮುಂಚೆ ಮನೆಯ ಹೆಂಗಸರು ಬೆನ್ನು ಮುರಿದುಕೊಂಡಿದ್ದಾರೆ.

ನಮ್ಮ ಕಡೆ ಜಮೀನು ನೋಡುವುದೆಂದರೆ ಒಂದು ಮೂಲೆಯಲ್ಲಿ ನಿಂತರಾಯಿತು, ಉಳಿದ ಮೂರು ಮೂಲೆ ಕಣ್ಣಿಗೆ ಬೀಳುತ್ತವೆ. ಅಮಾಸೆಬೈಲಿನಲ್ಲಿ ಹಾಗಲ್ಲ. ‘ಇಲ್ಲಿಂದ ಅಲ್ಲಿವರೆಗೆ’ ಎಂದು ತೋರಿಸಿದರೆ ‘ಅಲ್ಲಿ’ ಎನ್ನುವುದು ಕಾಡುಹಾಡಿಯ ಒಳಗೆಲ್ಲೋ ಇರುತ್ತದೆ. ಲೆಕ್ಕವೂ ಬೇರೆ. ನನ್ನದು ನಲವತ್ತು ಗುಂಟೆಯ ಎಕರೆ, ಇವರದು ನೂರು ಸೆಂಟ್ಸಿನ ಎಕರೆ. ಮದರಾಸಿನವರು ಆಳಿ ಬಿಟ್ಟುಹೋದ ಅಳತೆ. ಒಂದು ಗುಂಟೆಗೆ ಎರಡೂವರೆ ಸೆಂಟ್ಸು ಎಂದು ನಾನು ಬೆರಳು ಮಡಚುವಷ್ಟರಲ್ಲಿ ದಲ್ಲಾಳಿ ಇನ್ನೊಂದು ಜಾಗದ ಕಥೆ ಶುರುಮಾಡಿರುತ್ತಿದ್ದ.

ಈ ದಲ್ಲಾಳಿಗಳಿಂದ ನಮ್ಮನ್ನು ಬಿಡಿಸಿದವರು ಮಾವ. ಹೆಂಡತಿಯ ಸೋದರಮಾವ, ಎಂಬತ್ತು ದಾಟಿದ ಮೇಲೂ ಮೊಣಕಾಲಿನವರೆಗೆ ಎತ್ತಿ ಕಟ್ಟಿದ ಪಂಚೆ, ತಲೆಗೆ ಮುಟ್ಟಾಳೆ, ಸೊಂಟದಲ್ಲಿ ಕತ್ತಿ. ಊರಿನ ಯಾವ ಜಾಗ ಮಾರಾಟಕ್ಕಿದೆ ಎನ್ನುವುದು ಮಾರುವವನಿಗಿಂತ ಮೊದಲು ಅವರಿಗೆ ಗೊತ್ತು. ಕಮಿಷನ್ನು ಮುಟ್ಟುವವರಲ್ಲ. ಬಂದವರಿಗೆಲ್ಲ ಜಾಗ ತೋರಿಸುವುದು, ಆಮೇಲೆ ಅದನ್ನು ಯಾಕೆ ಕೊಳ್ಳಬಾರದು ಎಂದು ವಿವರಿಸುವುದು, ಇದು ಅವರ ಚಟ. ಅವರ ಬಾಯಿಂದ ಒಂದು ಜಾಗವೂ ಪಾಸಾದದ್ದಿಲ್ಲ.

“ಹ್ವಾಯ್, ಜಾಗ ಕಾಂಬುಕೆ ಮಳೆಗಾಲದಗೆ ಬಪ್ಪುಕಾಗ. ಆಗ ಕಲ್ಲಿನಗೂ ನೀರ್ ಇರತ್ತ್,” ಎನ್ನುವುದು ಮೊದಲ ಪಾಠ. ಹಾಗಾಗಿ ನಮ್ಮ ಭೇಟಿಗಳೆಲ್ಲ ಮೇ ತಿಂಗಳ ಸೆಕೆಗೆ. ಬಾಳೆಬರೆ ಘಾಟಿ ಇಳಿದು ಹೊಸಂಗಡಿಗೆ ಬರುವಾಗಲೇ ಬೆವರು. ಮಾವ ಬಾವಿಯ ಕಟ್ಟೆ ಹತ್ತಿ ಇಣುಕುತ್ತಾರೆ, ಒಂದು ಕಲ್ಲು ಹಾಕುತ್ತಾರೆ, ಸದ್ದು ಕೇಳುತ್ತಾರೆ, ‘ಹ್ಞೂಂ’ ಎನ್ನುತ್ತಾರೆ. ಆ ‘ಹ್ಞೂಂ’ಗೆ ಬೇಕಾದಷ್ಟು ಅರ್ಥ, ಒಂದೂ ಒಳ್ಳೆಯದಲ್ಲ.

ಗದ್ದೆಯಾದರೆ ಬೈಲೋ, ಮಜಲೋ, ಬೆಟ್ಟೋ ನೋಡಬೇಕು. ಬೈಲು ತಗ್ಗಿನದು, ನೀರು ನಿಲ್ಲುವುದು, ಮಜಲು ನಡುವಿನದು, ಬೆಟ್ಟು ಮೇಲಿನದು, ಮಳೆ ಹೋದ ಹಿಂದೆಯೇ ಒಣಗುವುದು. ಪೇಟೆಯವರಿಗೆ ದಲ್ಲಾಳಿಗಳು ತೋರಿಸುವುದೆಲ್ಲ ಬೆಟ್ಟು. ‘ವ್ಯೂ ಚೆನ್ನಾಗಿದೆ’ ಎಂದರೆ ನೀರಿಲ್ಲ ಎಂದು ತಿಳಿಯಬೇಕು. ಆಮೇಲೆ ವರ್ಗ ಜಾಗ, ಅಂದರೆ ಸ್ವಂತ ಪಟ್ಟೆಯದು, ಎಷ್ಟು, ಕುಮ್ಕಿ ಎಷ್ಟು? ಕುಮ್ಕಿ ಎನ್ನುವುದು ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳ ವಿಚಿತ್ರ ಸಂತಾನ. ಹಳೆಯ ವರ್ಗ ಜಮೀನಿಗೆ ತಾಗಿ ನೂರು ಗಜದೊಳಗಿರುವ ಸರ್ಕಾರಿ ಜಾಗ. ಸೊಪ್ಪು ಕಡಿಯಬಹುದು, ದನ ಮೇಯಿಸಬಹುದು. ನಿಮ್ಮದು ಎನ್ನುವ ಹಾಗಿಲ್ಲ. ಮಾರುವವನು ಮಾತ್ರ ಮೂರು ಎಕರೆ ವರ್ಗಕ್ಕೆ ಐದು ಎಕರೆ ಕುಮ್ಕಿ ಸೇರಿಸಿ ‘ಎಂಟು ಎಕರೆ ತೋಟ’ ಎನ್ನುತ್ತಾನೆ. ಆ ಐದರಲ್ಲಿ ಅವನ ಅಜ್ಜ ಅಡಕೆ ಹಾಕಿದ್ದರೆ ಅದು ಅಕ್ರಮ-ಸಕ್ರಮದ ಕಡತದಲ್ಲಿದೆ. ಹಾಕಿಲ್ಲದಿದ್ದರೆ ಡೀಮ್ಡ್ ಫಾರೆಸ್ಟಿನ ಪಟ್ಟಿಯಲ್ಲಿ ಇದ್ದರೂ ಇರಬಹುದು. ಇನ್ನು ಪಶ್ಚಿಮಘಟ್ಟದ ಕಸ್ತೂರಿರಂಗನ್ ವರದಿಯ ಹೆಸರೆತ್ತಿದರೆ ಚಾದಂಗಡಿಯ ಬೆಂಚಿನ ಮೇಲೆ ಒಂದು ಮಧ್ಯಾಹ್ನ ಕಳೆದಂತೆಯೇ.

ಯಾವ ಜಾಗ ಯಾರದು ಎಂಬ ಈ ಪ್ರಶ್ನೆ ಹೊಸದಲ್ಲ. ಟಿಪ್ಪು ಸತ್ತ ವರ್ಷ ಕೆನರಾಕ್ಕೆ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ, ಇಲ್ಲಿಯ ಭೂಮಿಯೆಲ್ಲ ಖಾಸಗಿಯವರದು, ದಾನವೋ ಕ್ರಯವೋ ಪಿತ್ರಾರ್ಜಿತವೋ ಆಗಿ ಬಹಳ ಹಿಂದಿನಿಂದ ಬಂದದ್ದು ಎಂದು 1800ರಲ್ಲಿ ವರದಿ ಬರೆದ. ಬರೆದ ಸ್ವಲ್ಪದರಲ್ಲೇ ಕೆನರಾದ ಸಹವಾಸ ಸಾಕೆಂದು ಬೇರೆ ಕಡೆ ಹೋದ. ಮಾವನ ಎದುರಿಗೆ ಈ ಕಥೆ ಹೇಳಿದೆ. “ಅವ್ನಿಗೂ ದಾರಿ ಸಿಕ್ಕಿರ್ಲಿಲ್ಲೆ ಕಾಣತ್ತ್,” ಎಂದರು.

ದಾರಿಯೇ ಅವರ ಎರಡನೆಯ ಪಾಠ, ಕೊನೆಯದೂ ಅದೇ. “ರೇಟ್ ಕೇಂಬುದ್ ಕಡಿಗೆ. ದಾರಿ ಇತ್ತಾ ಕೇಣಿ.” ನಮ್ಮ ಕೈಗೆಟುಕುವ ಜಾಗಗಳಿಗೆಲ್ಲ ದಾರಿಯೊಂದು ಇಲ್ಲ, ಅದಕ್ಕೇ ಅವು ಕೈಗೆಟುಕುವುದು. ಇನ್ನೊಬ್ಬರ ಗದ್ದೆಯ ಅಂಚಿನ ಮೇಲೆ ಕಾಲಿಟ್ಟು, ಮತ್ತೊಬ್ಬರ ಅಂಗಳ ಹಾದು, ಹಳ್ಳಕ್ಕೆ ಅಡ್ಡ ಹಾಕಿದ ಅಡಕೆ ಮರದ ಕಾಲುಸಂಕ ದಾಟಿ ಹೋಗಬೇಕು. ಅದು ನಕ್ಷೆಯಲ್ಲಿಲ್ಲ. ಒಬ್ಬರಿಗೊಬ್ಬರು ಬೇಕಾಗಿದ್ದ ಕಾಲದಲ್ಲಿ, ನೆಟ್ಟಿಗೂ ಕೊಯ್ಲಿಗೂ ಹೆಣ ಹೊರಲಿಕ್ಕೂ ಅದೇ ಜನ ಬರುತ್ತಿದ್ದಾಗ, ಅದು ದಾರಿಯಾಗಿತ್ತು. ಈಗ ಆ ಗದ್ದೆ ಹಡಿಲು ಬಿದ್ದಿದೆ. ಆ ಅಂಗಳದ ಯಜಮಾನ ಪುಣೆಯಲ್ಲೋ ಮುಂಬಯಿಯಲ್ಲೋ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದಾನೆ. ಅಪ್ಪಣೆ ಯಾರನ್ನು ಕೇಳುವುದು? ಕೆಲವರು ನಮ್ಮ ಹಾಗೆ ಪೇಟೆಯಿಂದ ಬಂದು ಕೊಂಡು, ಮೊದಲ ಕೆಲಸವಾಗಿ ಕಬ್ಬಿಣದ ಗೇಟು ಹಾಕಿಸುತ್ತಾರೆ, ಸಿಸಿ ಕ್ಯಾಮೆರಾ ಕೂರಿಸುತ್ತಾರೆ. ಗೇಟಿನಾಚೆಯ ಮನೆಯ ಮಕ್ಕಳು ಶಾಲೆಗೆ ಹಳ್ಳ ಸುತ್ತಿ ಹೋಗುತ್ತವೆ. 2022ರ ಆಗಸ್ಟಿನಲ್ಲಿ ಬೈಂದೂರು ಕಡೆ ಶಾಲೆಯಿಂದ ಮನೆಗೆ ಬರುತ್ತಿದ್ದ ಪುಟ್ಟ ಹುಡುಗಿ ಕಾಲುಸಂಕದಿಂದ ಹಳ್ಳಕ್ಕೆ ಬಿದ್ದು ತೀರಿಕೊಂಡಳು. ಅದಾದ ಮೇಲೆ ‘ಹಳ್ಳದ ಬದಿಯ ಸುಂದರ ಜಾಗ’ ಎಂಬ ಜಾಹೀರಾತು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಇಲ್ಲಿ ಜಾಗ ಹುಡುಕಿ ಬಂದು ನಿಜವಾಗಿ ನೆಲೆ ನಿಂತವರು ಕೇರಳದವರು. ತಿರುವಾಂಕೂರು ಕಡೆಯ ಕ್ರಿಶ್ಚಿಯನ್ ಕುಟುಂಬಗಳು ಅಲ್ಲಿಯ ಜಾಗ ಮಾರಿ, ಜಡ್ಕಲ್, ಮುದೂರು ಎಂದು ಘಟ್ಟದ ಬುಡ ಹಿಡಿದು ಬಂದವು. ಊರವರು ಕಾಡು ಎಂದು ಬಿಟ್ಟಲ್ಲಿ ಮರಗೆಣಸು ನೆಟ್ಟರು, ರಬ್ಬರು ನೆಟ್ಟರು, ಇಗರ್ಜಿ ಕಟ್ಟಿದರು. ಅವರು ವಾರಾಂತ್ಯಕ್ಕೆ ಬಂದವರಲ್ಲ. ಹಿಂದಕ್ಕೆ ಹೋಗಲು ಜಾಗ ಉಳಿಸಿಕೊಳ್ಳದೆ ಬಂದವರು. ನಮಗೆ ಫ್ಲ್ಯಾಟನ್ನೂ ಬಿಡಲಾಗದು, ಬಾವಿಯೂ ಬೇಕು.

ಕರೆಂಟಿನ ಚಿಂತೆ ಬೇಡ ಎಂದು ಹೆಂಡತಿ ಸಮಾಧಾನ ಹೇಳುತ್ತಾಳೆ. ಪಕ್ಕದ ಹೊಸಂಗಡಿಯ ನೆಲದಡಿಯಲ್ಲಿ ವಾರಾಹಿಯ ನೀರಿನಿಂದ 460 ಮೆಗಾವ್ಯಾಟ್ ತೆಗೆಯುತ್ತಾರೆ. ತಂತಿಗಳು ಅಮಾಸೆಬೈಲಿನವರ ತಲೆಯ ಮೇಲಿಂದ ಹಾದು ಎಲ್ಲೆಲ್ಲಿಗೋ ಹೋಗುತ್ತವೆ. ಮಳೆಗಾಲದಲ್ಲಿ ಊರಿಗೆ ಮಾತ್ರ ಕತ್ತಲು. ಕೊನೆಗೆ ಎ. ಜಿ. ಕೊಡ್ಗಿಯವರು ಟ್ರಸ್ಟೊಂದರ ಮೂಲಕ ಮನೆಮನೆಗೆ ಸೋಲಾರ್ ದೀಪ ಹಾಕಿಸಿದರು. ಶಾಸಕರಾಗಿ, ರಾಜ್ಯ ಹಣಕಾಸು ಆಯೋಗದ ಅಧ್ಯಕ್ಷರಾಗಿ ಇದ್ದವರು ಕೊನೆಗಾಲದಲ್ಲಿ ಸ್ವಂತ ಊರಿನ ಕತ್ತಲೆಯ ಹಿಂದೆ ಬಿದ್ದದ್ದು ನನಗೆ ಬಹಳ ಇಷ್ಟ.

ಕಳೆದ ಸಲ ಮಾವ ತಾವಾಗಿಯೇ ಫೋನು ಮಾಡಿದರು. ಮೂರು ಎಕರೆ, ಪೂರ್ತಿ ವರ್ಗ, ಬೈಲು ಗದ್ದೆ ಸೇರಿ, ಬಾವಿ ಬತ್ತಿದ್ದಿಲ್ಲ, ಜೀಪು ಅಂಗಳಕ್ಕೇ ಬರುತ್ತದೆ. ಯಾರದ್ದು ಎಂದರೆ, “ನಮ್ದೇ. ಮಕ್ಕಳ್ ಬಪ್ಪವಲ್ಲ.” 1974ರ ಭೂಸುಧಾರಣೆ ತಿದ್ದುಪಡಿಯ ನಂತರ ಡಿಕ್ಲರೇಶನ್ ಕೊಟ್ಟು, ಟ್ರಿಬ್ಯೂನಲ್ಲಿನ ಬಾಗಿಲು ಕಾದು, ಗೇಣಿಯಿಂದ ಸ್ವಂತ ಮಾಡಿಕೊಂಡ ಜಾಗ. ಹೇಳಿದ ರೇಟು ಕೇಳಿ ನಾನು ಕೂತಲ್ಲಿಂದ ಎದ್ದೆ. ಇಷ್ಟು ವರ್ಷ ಅವರು ದುಬಾರಿ ಎಂದು ಬೈದ ಜಾಗಗಳೆಲ್ಲ ಅದರ ಮುಂದೆ ಪುಕ್ಕಟೆ. ಸಂಬಂಧದಲ್ಲಿ ಸ್ವಲ್ಪ ನೋಡಿ ಮಾವ ಎಂದೆ.

“ಸಂಬಂಧ ಬೇರೆ, ಸೆಂಟ್ಸ್ ಬೇರೆ.”

ಆಮೇಲೆ ಷರತ್ತುಗಳು. ನಾಗಬನಕ್ಕೆ ವರ್ಷಕ್ಕೊಮ್ಮೆ ತನು ಹಾಕಬೇಕು, ಹಾಯ್ಗುಳಿ ದೈವಕ್ಕೆ ಕೊಡುವುದನ್ನು ಕೊಡಬೇಕು. ಅವರಿಬ್ಬರೂ ಜಾಗ ಬಿಟ್ಟು ಹೋಗುವವರಲ್ಲ. ಇದೆಲ್ಲ ಪಹಣಿಯಲ್ಲಿ ಇಲ್ಲವಲ್ಲ ಮಾವ ಎಂದು ತಮಾಷೆ ಮಾಡಿದೆ. ಋಣಭಾರ ಬರೆಯುವ 11ನೇ ಕಾಲಂ ಖಾಲಿ ಇದೆಯಲ್ಲ, ಅಲ್ಲಿ ಬರೆಸಿಕೊಳ್ಳಿ ಎಂದರು. ಹಾಗೆಯೇ ಜಗಲಿಯ ಪಡುಬದಿಯ ಕೋಣೆಯಲ್ಲಿ ತಾವು ಇರುವವರೆಗೂ ಇರುತ್ತೇವೆಂದು ತಮ್ಮ ಹೆಸರನ್ನೂ ಅದೇ ಕಾಲಂಗೆ ಸೇರಿಸಲು ಹೇಳಿದರು. ಮಂಗಳೂರಿನ ಪಾರ್ಟಿಯೊಂದು ಕೇಳಿದ ರೇಟು ಕೊಡಲು ಒಪ್ಪಿದೆಯಂತೆ, ಹೋಮ್‌ಸ್ಟೇ ಮಾಡುತ್ತಾರಂತೆ. ಆದರೆ ಮುದುಕನನ್ನು ಸೇರಿಸಿ ಕೊಳ್ಳಲು ತಯಾರಿಲ್ಲ.

ಹೆಂಡತಿ ಒಪ್ಪಿಯಾಗಿದೆ. ನಾನು ಇನ್ನೂ ರೇಟಿನ ಮಾತಿನಲ್ಲೇ ಇದ್ದೇನೆ. ಮಾವ ವಾರಕ್ಕೊಮ್ಮೆ ಫೋನು ಮಾಡಿ ಬಾವಿಯ ನೀರು ಎಷ್ಟಿದೆ ಎಂದು ಹೇಳುತ್ತಾರೆ.